ಚಟ್ನಿಪುಡಿ ಪ್ಯಾಕೆಟ್ಟಿನಲ್ಲಿ ಕಾಯಬೇಕಾದ್ದು ಯಾವುದು? ಟ್ರೇಡ್‌ಮಾರ್ಕ್, ಕಾಪಿರೈಟ್, ಡಿಸೈನ್, ಪೇಟೆಂಟ್, ಗುಟ್ಟು: ಒಂದು ಹೋಲಿಕೆ

ಹುಬ್ಬಳ್ಳಿಯಲ್ಲಿ ನನ್ನದು ಪ್ಯಾಕೆಟ್ ಡಿಸೈನ್ ಮಾಡಿ ಪ್ರಿಂಟ್ ಹಾಕಿಸಿಕೊಡುವ ಸಣ್ಣ ಕೆಲಸ. ಚಟ್ನಿಪುಡಿ, ಶಾವಿಗೆ, ಅಗರಬತ್ತಿ, ಖಡಕ್ ರೊಟ್ಟಿ, ಇಂಥವುಗಳ ಪೌಚು ಮತ್ತು ಲೇಬಲ್ಲು. ಆಗಾಗ ಯಾರಾದರೂ ಬೇರೆಯವರ ಪ್ಯಾಕೆಟ್ ಹಿಡಿದುಕೊಂಡು ಬರುತ್ತಾರೆ. ಮೇಜಿನ ಮೇಲಿಟ್ಟು, "ಅಣ್ಣಾ, ಸೇಮ್ ಹಿಂಗೇ ಇರಬೇಕು ನೋಡ್ರಿ, ಫೋನ್ ನಂಬರ್ ಅಷ್ಟೇ ನಮ್ದು" ಅನ್ನುತ್ತಾರೆ. ಒಂದು ದಿನ ಹಾಗೆ ಮೇಜಿಗೆ ಬಂದದ್ದು ನಮ್ಮ ವೈನಿಯ, ಅಂದರೆ ಅತ್ತಿಗೆಯ, ಶೇಂಗಾ ಚಟ್ನಿಪುಡಿ ಪ್ಯಾಕೆಟ್. ಅದರ ಡಿಸೈನ್ ಮಾಡಿದ್ದೂ ನಾನೇ. ತಂದವರಿಗೆ ಎರಡೂ ಗೊತ್ತಿರಲಿಲ್ಲ.

ಆಗಲ್ಲ ಅಂತ ಹೇಳಿ ಕಳಿಸಿದೆ. ಎರಡು ತಿಂಗಳಿಗೆ ದುರ್ಗದಬೈಲಿನ ಅಂಗಡಿಯೊಂದರಲ್ಲಿ ಅದೇ ಹಸಿರು, ಅದೇ ಒರಳುಕಲ್ಲಿನ ಚಿತ್ರ, ಅದೇ ಅಕ್ಷರ ನೇತಾಡುತ್ತಿತ್ತು. ಬೇರೆ ಕಡೆ ಪ್ರಿಂಟ್ ಹಾಕಿಸಿದ್ದರು.

ವೈನಿ ಫೈಲ್ ತೆಗೆದು ಒಂದೊಂದೇ ಹಾಳೆ ತೋರಿಸಿದರು. ಸಣ್ಣ ಉದ್ಯಮ ಅಂತ ತೋರಿಸುವ ಉದ್ಯಮ್ ಸರ್ಟಿಫಿಕೇಟ್ ಇತ್ತು, ಫುಡ್ ಲೈಸೆನ್ಸ್ ಇತ್ತು, ಜಿಎಸ್‌ಟಿ ಇತ್ತು. "ಇದರೊಳಗ ನನ್ನ ಹೆಸರು ಐತಲ್ಲ, ಸಾಕಾಗಂಗಿಲ್ಲೇನು?" ಸಾಕಾಗಲ್ಲ. ನೀವು ವ್ಯಾಪಾರ ಮಾಡಬಹುದು ಅಂತ ಹೇಳುವ ಕಾಗದಗಳು ಇವು. ಈ ಹೆಸರಲ್ಲಿ ಬೇರೆಯವರು ಮಾಡಬಾರದು ಅಂತ ಇವು ಎಲ್ಲೂ ಹೇಳುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಸಿ ಹೆಸರು ಸಿಕ್ಕಿತು ಅನ್ನುವವರದ್ದೂ ಇದೇ ಕಥೆ.

ಅಲ್ಲಿಂದ ಶುರುವಾಯಿತು ನನ್ನ ಓದು. ನಾನು ವಕೀಲನಲ್ಲ. ಆದರೆ ನನ್ನಂಥವರ ಹತ್ತಿರ ಬರುವ ಗಿರಾಕಿಗಳಿಗೆ ಯಾವುದು ಯಾತಕ್ಕೆ ಅಂತ ಹೇಳುವಷ್ಟು ಈಗ ತಿಳಿದಿದೆ.

ಮೊದಲು ಒಂದು ಪ್ರಶ್ನೆ: ತೋರಿಸಿದರೆ ಬಲಿಯುತ್ತದೋ, ಸಾಯುತ್ತದೋ?

ಟ್ರೇಡ್‌ಮಾರ್ಕ್ ಒಳ್ಳೆಯದಾ, ಪೇಟೆಂಟ್ ಒಳ್ಳೆಯದಾ ಅಂತ ಕೇಳುವುದು ಚಮಚ ಒಳ್ಳೆಯದಾ ಸೌಟು ಒಳ್ಳೆಯದಾ ಅಂದ ಹಾಗೆ. ಟ್ರೇಡ್‌ಮಾರ್ಕ್ ಹೆಸರನ್ನು ಕಾಯುತ್ತದೆ. ಕಾಪಿರೈಟ್ ಚಿತ್ರ ಮತ್ತು ಬರಹವನ್ನು ಕಾಯುತ್ತದೆ. ಡಿಸೈನ್ ನೋಂದಣಿ ವಸ್ತುವಿನ ಆಕಾರ, ಅಂದಕ್ಕೆ. ಪೇಟೆಂಟ್ ಹೊಸ ಯಂತ್ರ ಅಥವಾ ವಿಧಾನಕ್ಕೆ. ರೆಸಿಪಿಯನ್ನು ಕಾಯುವುದು ನಿಮ್ಮ ಬಾಯಿ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ತಡವಾಗಿ ಹೊಳೆದದ್ದು ಇನ್ನೊಂದು. ಹೆಸರು ಜನರಿಗೆ ತೋರಿಸಿದಷ್ಟೂ ಬಲಿಯುತ್ತದೆ. ಹತ್ತು ವರ್ಷ ಮಾರಿದ ಹೆಸರಿಗೆ ಹತ್ತು ದಿನದ ಹೆಸರಿಗಿಂತ ಜಾಸ್ತಿ ತೂಕ. ಡಿಸೈನ್, ಪೇಟೆಂಟ್, ಗುಟ್ಟು ಇವು ಉಲ್ಟಾ. ಅರ್ಜಿ ಹಾಕುವ ಮೊದಲೇ ಜನರಿಗೆ ತೋರಿಸಿದರೆ ಡಿಸೈನ್ ಮತ್ತು ಪೇಟೆಂಟಿನ ದಾರಿ ಬಹುಪಾಲು ಮುಚ್ಚಿಹೋಗುತ್ತದೆ. ಗುಟ್ಟಂತೂ ಹೇಳಿದ ಕ್ಷಣಕ್ಕೆ ಮುಗಿಯಿತು. ಕಾಪಿರೈಟಿಗೆ ತೋರಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಾಗಾಗಿ ಯಾವುದಕ್ಕೆ ಎಷ್ಟು ಖರ್ಚು ಅನ್ನುವುದಕ್ಕಿಂತ ಮೊದಲು ನೋಡಬೇಕಾದ್ದು, ಯಾವುದಕ್ಕೆ ಟೈಮ್ ಮೀರುತ್ತಿದೆ ಅನ್ನುವುದನ್ನು.

ಹೆಸರು: ಟ್ರೇಡ್‌ಮಾರ್ಕ್

ಸಣ್ಣ ವ್ಯಾಪಾರಕ್ಕೆ ಒಂದೇ ಒಂದು ಅರ್ಜಿಗೆ ದುಡ್ಡಿದ್ದರೆ ಅದು ಇದಕ್ಕೇ ಹೋಗಲಿ ಅನ್ನುವವನು ನಾನು.

1999ರ ಕಾಯ್ದೆ ಇದಕ್ಕೆ ಆಧಾರ. ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮವಾದರೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ಯಮ ಅಂತ ತೋರಿಸಲು ಉದ್ಯಮ್ ಸರ್ಟಿಫಿಕೇಟ್ ಬೇಕು, ಅದರ ಉಪಯೋಗ ಇಲ್ಲಿದೆ ನೋಡಿ. ಸರಕು ಮತ್ತು ಸೇವೆಗಳನ್ನು ಒಟ್ಟು 45 ವರ್ಗ ಮಾಡಿದ್ದಾರೆ. ಮಸಾಲೆ, ಚಟ್ನಿಪುಡಿ, ಹಿಟ್ಟು, ಕಾಫಿ 30ರಲ್ಲಿ. ಉಪ್ಪಿನಕಾಯಿ, ತುಪ್ಪ 29ರಲ್ಲಿ. ಬಟ್ಟೆ 25, ಆಟಿಕೆ 28, ಹೋಟೆಲ್ 43. ವೈನಿ ಚಟ್ನಿಪುಡಿಯ ಜೊತೆ ಉಪ್ಪಿನಕಾಯಿಯನ್ನೂ ಮಾಡುತ್ತಾರೆ, ಹಾಗಾಗಿ ಎರಡು ವರ್ಗ, ಎರಡು ಫೀಸು. ಮುಂದೊಂದು ದಿನ ಹೋಟೆಲ್ ತೆಗೆದರೂ ತೆಗೆಯಬಹುದು ಅಂತ ಈಗಲೇ ನಾಲ್ಕು ವರ್ಗಕ್ಕೆ ಹಾಕುವುದು ನನಗೆ ದಂಡ ಅನಿಸುತ್ತದೆ. ನೋಂದಾಯಿಸಿ ಐದು ವರ್ಷದ ಮೇಲೆ ಬಳಸದೇ ಬಿಟ್ಟರೆ ಬೇರೆಯವರು ಅದನ್ನು ತೆಗೆಸಿಹಾಕಬಹುದು.

ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಆದರೆ ಆನ್‌ಲೈನ್ ಆದ್ದರಿಂದ ಬಸ್ ಹತ್ತುವ ಕೆಲಸವಿಲ್ಲ. ಪರೀಕ್ಷಾ ವರದಿ ಬರುತ್ತದೆ. ಆಕ್ಷೇಪಣೆ ಇದ್ದರೆ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಮೇಲ್ ನೋಡದೆ ಈ ತಿಂಗಳು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಆಮೇಲೆ ಇಲಾಖೆಯ ಪತ್ರಿಕೆಯಾದ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರಾದರೂ ವಿರೋಧಿಸಬಹುದು. ಯಾರೂ ಬರದಿದ್ದರೆ ಸರ್ಟಿಫಿಕೇಟ್. ಅರ್ಜಿ ಹಾಕಿದ ದಿನದಿಂದಲೇ 10 ವರ್ಷ ಲೆಕ್ಕ, ಮತ್ತೆ ಹತ್ತತ್ತು ವರ್ಷಕ್ಕೆ ನವೀಕರಿಸುತ್ತಾ ಹೋದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಕಾಯುವಾಗ ಹೆಸರಿನ ಪಕ್ಕ 'ಟಿಎಂ' ಹಾಕಿಕೊಳ್ಳಬಹುದು. ವೃತ್ತದೊಳಗಿನ 'ಆರ್' ಮಾತ್ರ ನೋಂದಣಿ ಆದಮೇಲೆ. ಮೊದಲೇ ಹಾಕಿದರೆ ಅದೇ ಒಂದು ಅಪರಾಧ. "ಚೆಂದ ಕಾಣಸ್ತೈತಿ, ಹಾಕಿಬಿಡ್ರಿ" ಅನ್ನುವ ಗಿರಾಕಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಆದರೆ ಅರ್ಜಿಗಿಂತ ದೊಡ್ಡ ಪ್ರಶ್ನೆ, ಹೆಸರು ಎಂಥದ್ದು ಅನ್ನುವುದು. ವೈನಿಯ ಪ್ಯಾಕೆಟ್ಟಿನ ಮೇಲೆ ಇದ್ದದ್ದು 'ಉತ್ತರ ಕರ್ನಾಟಕ ಸ್ಪೆಷಲ್ ಶೇಂಗಾ ಚಟ್ನಿಪುಡಿ'. ಇದರಲ್ಲಿ ಹೆಸರು ಎಲ್ಲಿದೆ? ಊರಿದೆ, ಸರಕಿದೆ, ಹೊಗಳಿಕೆ ಇದೆ. ಇಂಥ ಮಾತುಗಳನ್ನು ಒಬ್ಬರಿಗೇ ಬರೆದುಕೊಡಲು ಕಾನೂನು ಒಪ್ಪುವುದಿಲ್ಲ. ದೊಡ್ಡವರೂ ಇಲ್ಲಿ ಎಡವಿದ್ದಾರೆ. ನೂಡಲ್ಸ್ ಪ್ಯಾಕೆಟ್ಟಿನ 'ಮ್ಯಾಜಿಕ್ ಮಸಾಲ' ತನ್ನದು ಅಂತ ಐಟಿಸಿ ಕಂಪನಿ ನೆಸ್ಲೆಯ 'ಮ್ಯಾಜಿಕಲ್ ಮಸಾಲ'ದ ಮೇಲೆ ಮದ್ರಾಸ್ ಹೈಕೋರ್ಟಿಗೆ ಹೋಗಿತ್ತು. 2020ರಲ್ಲಿ ಕೋರ್ಟು, ಮ್ಯಾಜಿಕ್ ಅನ್ನುವುದು ಹೊಗಳಿಕೆಯ ಮಾತು, ಮಸಾಲ ಎಲ್ಲರದ್ದು, ಇದು ಒಬ್ಬರ ಸ್ವತ್ತಾಗಲ್ಲ ಅಂದಿತು. ಅವರಿಗೇ ಹೀಗಾದರೆ ನಮ್ಮ 'ಸ್ಪೆಷಲ್' ಎಲ್ಲಿ ನಿಲ್ಲುತ್ತದೆ?

ನಂದಿನಿ ಕೇಸಂತೂ ನಮ್ಮ ರಾಜ್ಯದ್ದೇ. ಕೆಎಂಎಫ್ 1985ರಿಂದ ನಂದಿನಿ ಹೆಸರು ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು ಶುರು ಮಾಡಿದ್ದು 1989ರಲ್ಲಿ. ಕನ್ನಡದಲ್ಲಿ ಬರೆದರೆ ಎರಡೂ ನಂದಿನಿಯೇ, ಇಂಗ್ಲಿಷಿನಲ್ಲಿ ಹೋಟೆಲಿನವರದ್ದಕ್ಕೆ ಒಂದು 'ಎಚ್' ಜಾಸ್ತಿ. ಹೋಟೆಲಿನವರು ತಿನ್ನುವ ಪದಾರ್ಥಗಳಿಗೆ ನೋಂದಣಿ ಕೇಳಿದರು, ಕೆಎಂಎಫ್ ವಿರೋಧಿಸಿತು. 2007ರಲ್ಲಿ ಟ್ರೇಡ್‌ಮಾರ್ಕ್ ಕಚೇರಿ ಹೋಟೆಲಿನ ಪರ. 2011ರಲ್ಲಿ ಮೇಲ್ಮನವಿ ಮಂಡಳಿ, 2014ರಲ್ಲಿ ಹೈಕೋರ್ಟು ಕೆಎಂಎಫ್ ಪರ. ಕೊನೆಗೆ 2018ರಲ್ಲಿ ಸುಪ್ರೀಂ ಕೋರ್ಟು, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರಿಗೆ ಕೊಡಬಹುದು ಅಂದಿತು. ನಂದಿನಿ ಅಂದರೆ ಪುರಾಣದ ಹಸು, ದೇವಿಯ ಹೆಸರು, ಯಾರೋ ಒಬ್ಬರು ಹುಟ್ಟಿಸಿದ ಪದವಲ್ಲ ಅನ್ನುವುದೂ ಆ ತೀರ್ಪಿನಲ್ಲಿ ಬಂತು. ದೇವರ ಹೆಸರಿಡುವುದು ನಮ್ಮಲ್ಲಿ ವಾಡಿಕೆ, ತಪ್ಪೇನಿಲ್ಲ. ಆದರೆ ದೇವರು ಎಲ್ಲರಿಗೂ ಸೇರಿದವನಲ್ವಾ?

ಹಾಗಾದರೆ ಎಂಥ ಹೆಸರಿಡಬೇಕು? ಸರಕಿಗೂ ಹೆಸರಿಗೂ ನೇರ ಸಂಬಂಧ ಇಲ್ಲದಿದ್ದಷ್ಟೂ ಗಟ್ಟಿ. ನಮ್ಮ ಕಡೆ ಇನ್ನೊಂದು ತಮಾಷೆ ಇದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಅಂತೆಲ್ಲ ಅಡ್ಡಹೆಸರುಗಳು. ಮೆಣಸಿನಕಾಯಿ ಮನೆತನದವರು ಬಟ್ಟೆ ಅಂಗಡಿಗೆ ಆ ಹೆಸರಿಟ್ಟರೆ ಬಲವಾದ ಹೆಸರು. ಖಾರಪುಡಿಗೆ ಇಟ್ಟರೆ ಪರೀಕ್ಷಕರಿಗೆ ಅದರಲ್ಲಿ ಕಾಣುವುದು ಬರೀ ಮೆಣಸಿನಕಾಯಿ.

ಅರ್ಜಿಗೆ ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಹುಡುಕಬಹುದು. ಇಂಗ್ಲಿಷ್ ಸ್ಪೆಲಿಂಗ್ ನಾಲ್ಕು ಥರ ಹಾಕಿ ನೋಡಿ, ಉಚ್ಚಾರಣೆಯ ಹುಡುಕಾಟವೂ ಇದೆ. ಲೋಗೋಗೆ ಹಾಕಬೇಕೋ ಪದಕ್ಕೆ ಹಾಕಬೇಕೋ ಅಂತ ಕೇಳುತ್ತಾರೆ. ಒಂದೇ ಆದರೆ ಪದಕ್ಕೆ. ಲೋಗೋವನ್ನು ಮೂರು ವರ್ಷಕ್ಕೊಮ್ಮೆ ನನ್ನಂಥವನೊಬ್ಬ ಬದಲಾಯಿಸಿಬಿಡುತ್ತಾನೆ.

ನೋಂದಣಿಯೇ ಇಲ್ಲದವರಿಗೆ ಏನೂ ಇಲ್ಲವಾ? ಇದೆ. ನಿಮ್ಮ ಹೆಸರಿಗೆ ಜನರಲ್ಲಿ ಬೆಲೆ ಇದೆ, ಎದುರಿನವರು ಅದನ್ನೇ ತೋರಿಸಿ ಜನರನ್ನು ಮೋಸಗೊಳಿಸುತ್ತಿದ್ದಾರೆ, ನಿಮಗೆ ನಷ್ಟವಾಗುತ್ತಿದೆ ಅಂತ ಸಾಬೀತು ಮಾಡಿದರೆ ಕೋರ್ಟು ತಡೆಯುತ್ತದೆ. ಇದಕ್ಕೆ 'ಪಾಸಿಂಗ್ ಆಫ್' ಅನ್ನುತ್ತಾರೆ. ಆದರೆ ಪುರಾವೆಯ ಹೊರೆ ಪೂರ್ತಿ ನಿಮ್ಮ ತಲೆ ಮೇಲೆ. ಅದಕ್ಕೇ ಮೊದಲ ಬಿಲ್ಲು, ಮೊದಲ ಪ್ರಿಂಟಿನ ರಶೀದಿ, ಮೊದಲ ಜಾಹೀರಾತು ಎಸೆಯಬೇಡಿ. ಯಾರು ಮೊದಲು ಬಳಸಿದರು ಅನ್ನುವ ಜಗಳದಲ್ಲಿ ಆ ಮಾಸಿದ ರಶೀದಿಯೇ ಸಾಕ್ಷಿ.

ಚಿತ್ರ, ಬರಹ: ಕಾಪಿರೈಟ್

ಇಲ್ಲಿ ನಮಗೊಂದು ಆಶ್ಚರ್ಯ ಕಾದಿತ್ತು. ವೈನಿಯ ಹೆಸರನ್ನು ಹಿಡಿದು ಹೋರಾಡಲು ಆಗುತ್ತಿರಲಿಲ್ಲ. ಆದರೆ ಒರಳುಕಲ್ಲಿನ ಚಿತ್ರ? ಚಿತ್ರ ಬರೆದ ಕ್ಷಣವೇ ಕಾಪಿರೈಟ್ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ನಕಲು ಮಾಡಿದವರು ಚಿತ್ರವನ್ನು ಗೆರೆ ಸಮೇತ ಎತ್ತಿದ್ದರು. ಒರಳಿನ ಅಂಚಿನಲ್ಲಿ ನಾನು ತಪ್ಪಿ ಬಿಟ್ಟಿದ್ದ ಒಂದು ಬಿಳಿ ಚುಕ್ಕೆಯೂ ಅವರ ಪ್ಯಾಕೆಟ್ಟಿನಲ್ಲಿತ್ತು!

ಪರಿಚಯದ ವಕೀಲರು ಕೇಳಿದರು, "ಚಿತ್ರ ಯಾರದು?" ವೈನಿ, "ನಂದು, ರೊಕ್ಕ ಕೊಟ್ಟೇನಿ" ಅಂದರು. ಹಾಗಲ್ಲವಂತೆ. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕರದ್ದು. ನನ್ನಂಥ ಹೊರಗಿನವನು ಮಾಡಿದ ಲೋಗೋ, ರೇಖಾಚಿತ್ರ ಸಾಮಾನ್ಯವಾಗಿ ಮಾಡಿದವನದೇ. ಬಿಲ್ ಕಟ್ಟಿದ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ಬರಹದಲ್ಲಿ ವರ್ಗಾಯಿಸಿಕೊಳ್ಳಬೇಕು. ಆ ಬರಹದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಕಾನೂನು ಎಣಿಸುತ್ತದೆ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಂದರೆ ಅಷ್ಟು ದಿನ ವೈನಿಯ ಪ್ಯಾಕೆಟ್ಟಿನ ಚಿತ್ರದ ಒಡೆಯ ನಾನೇ ಆಗಿದ್ದೆ. ಮನೆಯಲ್ಲಿ ಇದೇ ಮಾತಿಗೆ ಒಂದು ವಾರ ನಗೆಯೋ ನಗೆ.

ನೋಟಿಸ್ ನನ್ನ ಹೆಸರಲ್ಲೇ ಹೋಯಿತು. ಅವರು ಒರಳುಕಲ್ಲು ತೆಗೆದರು. ಹಸಿರು ಮಾತ್ರ ಹಾಗೇ ಉಳಿಯಿತು. ಮರುದಿನವೇ ನಾನು ವೈನಿಗೆ ಎರಡು ಪುಟದ ಪತ್ರ ಬರೆದುಕೊಟ್ಟೆ, ಕಾಪಿರೈಟ್ ಇರುವಷ್ಟು ಕಾಲಕ್ಕೂ, ಪ್ರಪಂಚಕ್ಕೆಲ್ಲ ಅಂತ. ಕಂಪ್ಯೂಟರಿನಲ್ಲಿದ್ದ ಚಿತ್ರದ ಮೂಲ ಕೋರಲ್ ಫೈಲನ್ನೂ ಕೊಟ್ಟೆ. ಈಗ ಎಲ್ಲ ಗಿರಾಕಿಗಳಿಗೂ ಕೊಡುತ್ತೇನೆ. ನಿಮ್ಮ ಡಿಸೈನರ್ ಕೊಡದಿದ್ದರೆ ಕೇಳಿ ತಗೊಳ್ಳಿ. ಈ ಇಡೀ ಹೋಲಿಕೆಯಲ್ಲಿ ಇಷ್ಟು ಅಗ್ಗದ ರಕ್ಷಣೆ ಬೇರೊಂದಿಲ್ಲ.

ಸರಕಿನ ಮೇಲೆ ಬಳಸುವ ಚಿತ್ರದ ಕಾಪಿರೈಟ್ ನೋಂದಣಿ ಮಾಡಿಸಲೇಬೇಕು ಅಂದರೆ ಫೀಸು 2,000 ರೂಪಾಯಿ. ಆದರೆ ಆ ಚಿತ್ರ ಯಾರ ಟ್ರೇಡ್‌ಮಾರ್ಕಿಗೂ ಹೋಲುವುದಿಲ್ಲ ಅಂತ ಟ್ರೇಡ್‌ಮಾರ್ಕ್ ಕಚೇರಿಯಿಂದ ಬೇರೆ ಪತ್ರ ತರಬೇಕು. ಆ ಓಡಾಟ ಮೊದಲ ವರ್ಷಕ್ಕೆ ಬೇಡ ಅನ್ನುವುದು ನನ್ನ ಲೆಕ್ಕ. ಇನ್ನೊಂದು, ರೆಸಿಪಿ ಬರೆದ ಪುಸ್ತಕದ ಮಾತುಗಳಿಗೆ ಕಾಪಿರೈಟ್ ಇದೆ, ಚಟ್ನಿಪುಡಿಗೆ ಇಲ್ಲ. ಪುಸ್ತಕ ಓದಿ ಯಾರು ಬೇಕಾದರೂ ಕುಟ್ಟಬಹುದು.

ಆಕಾರ: ಡಿಸೈನ್ ನೋಂದಣಿ

ನಿಮ್ಮದು ಪುಡಿಯಲ್ಲ, ವಸ್ತು ಅಂದುಕೊಳ್ಳಿ. ಚನ್ನಪಟ್ಟಣದ ಕಡೆಯ ಮರದ ಆಟಿಕೆ, ಹೊಸ ಥರದ ದೀಪ, ಬಾಟಲಿ. ಆಗ ನಿಮ್ಮ ಮೊದಲ ನಿಲ್ದಾಣ ಇದು. 2000ದ ಕಾಯ್ದೆಯ ಪ್ರಕಾರ ಹತ್ತು ವರ್ಷ, ಆಮೇಲೆ ಐದು ವರ್ಷ ಮುಂದುವರಿಸಬಹುದು. ವ್ಯಕ್ತಿಗೆ, ಸಣ್ಣ ಉದ್ಯಮಕ್ಕೆ ಅರ್ಜಿ ಫೀಸು 1,000 ರೂಪಾಯಿ.

ಅಗ್ಗ ಅಲ್ವಾ? ಆದರೂ ಇಲ್ಲಿ ಕೈ ಸುಟ್ಟುಕೊಳ್ಳುವವರೇ ಜಾಸ್ತಿ. ಹೊಸ ಆಟಿಕೆ ಮಾಡುತ್ತಾರೆ, ಫೋಟೋ ಇನ್‌ಸ್ಟಾಗ್ರಾಂಗೆ ಹಾಕುತ್ತಾರೆ, ಮೇಳದಲ್ಲಿ ಮಾರುತ್ತಾರೆ. ನಕಲು ಬಂದ ಮೇಲೆ ಅರ್ಜಿ ಹಾಕಲು ಓಡುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನೀವೇ ತೋರಿಸಿದ್ದರೂ ಅದು ಹೊಸತಲ್ಲ. ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಸಣ್ಣ ವಿನಾಯಿತಿ ಉಂಟು, ಮೊದಲೇ ತಿಳಿಸಿ ಆರು ತಿಂಗಳೊಳಗೆ ಅರ್ಜಿ ಹಾಕಿದರೆ. ಊರ ಜಾತ್ರೆ ಅದರಲ್ಲಿ ಬರುವುದಿಲ್ಲ.

"ಇರಲಿ, ಕಾಪಿರೈಟ್ ಇದೆಯಲ್ಲ" ಅನ್ನುವ ಹಾಗೂ ಇಲ್ಲ. ಡಿಸೈನ್ ಆಗಿ ನೋಂದಾಯಿಸಬಹುದಾಗಿದ್ದನ್ನು ನೋಂದಾಯಿಸದೆ ಯಂತ್ರದಲ್ಲಿ 50ಕ್ಕಿಂತ ಜಾಸ್ತಿ ಸಲ ತಯಾರಿಸಿದರೆ ಅದರ ಕಾಪಿರೈಟೂ ಅಲ್ಲಿಗೇ ನಿಲ್ಲುತ್ತದೆ. ಐವತ್ತೊಂದನೆಯ ಆಟಿಕೆ ಲೇಥಿನಿಂದ ಇಳಿಯುವ ಮೊದಲು ಯೋಚಿಸಬೇಕಾದ ಮಾತು.

ವಿಧಾನ: ಪೇಟೆಂಟ್

ಬೇಗ ಮುಗಿಸುತ್ತೇನೆ. ಚಟ್ನಿಪುಡಿಗೆ ಪೇಟೆಂಟ್ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಗೊತ್ತಿರುವ ಪದಾರ್ಥಗಳನ್ನು ಸುಮ್ನೆ ಬೆರೆಸಿದ್ದಕ್ಕೆ, ತಲೆತಲಾಂತರದಿಂದ ಬಂದ ತಿಳಿವಳಿಕೆಗೆ ಪೇಟೆಂಟ್ ಇಲ್ಲ ಅಂತ ಕಾಯ್ದೆಯಲ್ಲೇ ಇದೆ. ಅರಿಶಿನ ಗಾಯ ಮಾಯಿಸುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು.

ಶೇಂಗಾ ಸಿಪ್ಪೆ ಬಿಡಿಸಲು ನೀವೇ ಹೊಸ ಥರದ ಯಂತ್ರ ಮಾಡಿದ್ದರೆ ಮಾತು ಬೇರೆ. ಸಣ್ಣವರಿಗೆ ಅರ್ಜಿಗೆ 1,600, ಪರೀಕ್ಷೆಗೆ 4,000 ರೂಪಾಯಿ. ಫೀಸು ಕಡಿಮೆ, ಆದರೆ ಬರೆದುಕೊಡುವ ಏಜೆಂಟರ ಖರ್ಚು ಇದಕ್ಕಿಂತ ಬಹಳ ಜಾಸ್ತಿ. 20 ವರ್ಷದ ಹಕ್ಕು ಸಿಗುತ್ತದೆ, ಬದಲಿಗೆ ಹೇಗೆ ಮಾಡಿದಿರಿ ಅನ್ನುವುದನ್ನು ಪೂರ್ತಿ ಬಿಚ್ಚಿಡಬೇಕು. ಆತುರವಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದಿಟ್ಟುಕೊಳ್ಳಬಹುದು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಯಾರಿಗಾದರೂ ಡೆಮೊ ತೋರಿಸುವುದು ಅದಾದ ಮೇಲೆ.

ಕೈಗುಣ: ಗುಟ್ಟು

ವೈನಿಯ ಅಡುಗೆಮನೆ ಕಟ್ಟೆ ಮೇಲೆ ಐದು ಸ್ಟೀಲ್ ಡಬ್ಬಿಗಳಿವೆ. ಮೇಲೆ ಹೆಸರಿಲ್ಲ, ಮಾರ್ಕರಿನಲ್ಲಿ 1ರಿಂದ 5ರವರೆಗೆ ಅಂಕಿ. ಬೆಳಿಗ್ಗೆ ಕೆಲಸದವರು ಬರುವ ಮೊದಲು ಅವರೊಬ್ಬರೇ ಜೀರಿಗೆ, ಬೆಳ್ಳುಳ್ಳಿ, ಹುಣಸೆಹಣ್ಣಿನ ಲೆಕ್ಕ ಹಾಕಿ ಬೆರೆಸಿ ತೂಗಿ ಇಡುತ್ತಾರೆ. ಹುರಿಯುವವರಿಗೆ ಶೇಂಗಾದ ಹದ ಗೊತ್ತು, ಡಬ್ಬಿಯೊಳಗಿನದು ಗೊತ್ತಿಲ್ಲ. ಕುಟ್ಟುವವರಿಗೆ 3ನೇ ಡಬ್ಬಿಯಿಂದ ಎರಡು ಅಳತೆ ಅಂತಷ್ಟೇ ಗೊತ್ತು. ಲೇಬಲ್ಲಿನಲ್ಲಿ ಪದಾರ್ಥಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಲೇಬೇಕು, ಆದರೆ ಯಾವುದು ಎಷ್ಟು, ಯಾವ ಹದಕ್ಕೆ ಹುರಿದದ್ದು ಅಂತ ಅಲ್ಲಿ ಇರುವುದಿಲ್ಲ.

ವ್ಯಾಪಾರದ ಗುಟ್ಟಿಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಬಂದಿಲ್ಲ. 2024ರಲ್ಲಿ ಕಾನೂನು ಆಯೋಗ ತನ್ನ 289ನೇ ವರದಿಯಲ್ಲಿ ಒಂದು ಕರಡು ಕೊಟ್ಟಿದೆ. ಸದ್ಯಕ್ಕೆ ಕೈಯಲ್ಲಿರುವುದು ಒಪ್ಪಂದ ಮತ್ತು ನಂಬಿಕೆದ್ರೋಹದ ಕೇಸು. ಕೆಲಸದವರ ಹತ್ತಿರ ಗುಟ್ಟು ಬಿಟ್ಟುಕೊಡಲ್ಲ ಅಂತ ಬರೆಸಿಕೊಳ್ಳಬಹುದು. "ಬಿಟ್ಟು ಹೋದ ಮೇಲೆ ಮೂರು ವರ್ಷ ಚಟ್ನಿಪುಡಿ ಮಾಡಬಾರದು" ಅಂತ ಬರೆಸಿಕೊಂಡರೆ ಅದು ನಿಲ್ಲುವುದಿಲ್ಲ. ಹೊಟ್ಟೆಪಾಡಿನ ಕೆಲಸ ಮಾಡಬೇಡ ಅನ್ನುವ ಒಪ್ಪಂದ 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಅಸಿಂಧು. ಸರಿಯಾದ ಮಾತೇ ಅನ್ನಿ. ಮತ್ತೆ, ಯಾರಾದರೂ ತಿಂದು ನೋಡಿ, ಹತ್ತು ಸಲ ಮಾಡಿ ಅದೇ ರುಚಿ ತಂದರೆ ಅದು ಕಳ್ಳತನವಲ್ಲ. ಹಾಗಾಗಿ ರುಚಿ ನೋಡಿಯೂ ಹಿಡಿಯಲಾಗದ್ದಕ್ಕೆ ಗುಟ್ಟು, ಬಿಚ್ಚಿ ನೋಡಿದರೆ ತಿಳಿಯುವಂಥ ಯಂತ್ರಕ್ಕೆ ಪೇಟೆಂಟ್.

ಊರಿನ ಹೆಸರು: ಜಿಐ

ಧಾರವಾಡ ಪೇಡಾ, ಇಳಕಲ್ ಸೀರೆ, ಚನ್ನಪಟ್ಟಣದ ಆಟಿಕೆ, 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿ, ಇವಕ್ಕೆಲ್ಲ ಭೌಗೋಳಿಕ ಗುರುತು, ಅಂದರೆ ಜಿಐ, ಇದೆ. ಇದು ಒಬ್ಬರ ಆಸ್ತಿಯಲ್ಲ, ಆ ಸೀಮೆಯ ಉತ್ಪಾದಕರೆಲ್ಲರದ್ದು. ಮಾರಲು, ಬರೆದುಕೊಡಲು ಬರುವುದಿಲ್ಲ. ನೀವು ಆ ಸೀಮೆಯಲ್ಲಿ ಆ ಸರಕನ್ನೇ ತಯಾರಿಸುವವರಾದರೆ ಅಧಿಕೃತ ಬಳಕೆದಾರರಾಗಿ ಹೆಸರು ಸೇರಿಸಿಕೊಳ್ಳಿ. ನಿಮ್ಮ ಸ್ವಂತ ಬ್ರ್ಯಾಂಡಿನ ಟ್ರೇಡ್‌ಮಾರ್ಕ್ ಅದರ ಪಕ್ಕದಲ್ಲಿ ಬೇರೆ ಬೇಕೇ ಬೇಕು. ಪಕ್ಕದ ಓಣಿಯವರೂ ಇಳಕಲ್ ಸೀರೆಯನ್ನೇ ನೇಯುತ್ತಾರಲ್ಲ.

ಹಾಗಾದರೆ ಯಾವುದು ಮೊದಲು?

ಮಸಾಲೆ, ಹಪ್ಪಳ, ಬೇಕರಿ, ಟೇಲರಿಂಗ್‌ನಂಥ ವ್ಯಾಪಾರವಾದರೆ ಪದಕ್ಕೆ ಟ್ರೇಡ್‌ಮಾರ್ಕ್, ಡಿಸೈನರಿನಿಂದ ಬರಹ, ಅಂಕಿ ಹಾಕಿದ ಡಬ್ಬಿ, ಇಷ್ಟು. ಆಟಿಕೆ, ಒಡವೆ, ಪಾತ್ರೆ ಮಾಡುವವರು ಫೋಟೋ ಹಾಕುವ ಮೊದಲು ಡಿಸೈನ್ ಅರ್ಜಿ ಹಾಕಿ, ಹೆಸರು ಎರಡು ತಿಂಗಳು ತಡವಾದರೂ ಚಿಂತೆಯಿಲ್ಲ. ಸಾಫ್ಟ್‌ವೇರ್, ಪಾಠದ ವಿಡಿಯೊ ಮಾಡುವವರಿಗೆ ಕಾಪಿರೈಟ್ ತಾನಾಗಿಯೇ ಇದೆ, ಅವರು ನೋಡಿಕೊಳ್ಳಬೇಕಾದ್ದು ಕೋಡ್ ಬರೆದ ಹುಡುಗನ ಜೊತೆಗಿನ ಪತ್ರ. ಆನ್‌ಲೈನ್ ಮಾರುವವರಿಗೆ ಟ್ರೇಡ್‌ಮಾರ್ಕಿನಿಂದ ಇನ್ನೊಂದು ಲಾಭ ಇದೆ. ಅಮೆಜಾನಿನ ಬ್ರ್ಯಾಂಡ್ ರಿಜಿಸ್ಟ್ರಿಗೆ ಸೇರಿ ನಕಲಿ ಪಟ್ಟಿಗಳನ್ನು ತೆಗೆಸಲು ಅದೇ ಬೇಕು. ಕೇಂದ್ರದ ಎಂಎಸ್‌ಎಂಇ ಇಲಾಖೆಯ ಯೋಜನೆಯಲ್ಲಿ ನೋಂದಣಿ ಸಿಕ್ಕ ಮೇಲೆ ಖರ್ಚಿನ ಒಂದು ಪಾಲು ವಾಪಸ್ ಬರುತ್ತದೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ, ರಶೀದಿ ಇಟ್ಟುಕೊಂಡು ಹೋಗಿ.

ವೈನಿ ಕೊನೆಗೆ ಹೆಸರು ಬದಲಾಯಿಸಿದರು. ಅವರ ತವರಿನಲ್ಲಿ ಅಜ್ಜಿಯನ್ನು ಕರೆಯುತ್ತಿದ್ದ ಒಂದು ಹೆಸರು, ಮಸಾಲೆಗೂ ಅದಕ್ಕೂ ಸಂಬಂಧವಿಲ್ಲ. ಎರಡು ವರ್ಗಕ್ಕೆ 9,000 ರೂಪಾಯಿ ಆಯಿತು. ಆದರೆ ನಾಲ್ಕು ಬಣ್ಣದ ಪೌಚಿಗೆ ಪ್ರಿಂಟ್ ಹಾಕುವ ಕೆತ್ತಿದ ಉರುಳೆ, ಅಂದರೆ ಸಿಲಿಂಡರ್, ನಾಲ್ಕು ಬೇಕು, ಒಂದೊಂದಕ್ಕೂ ಸಾವಿರಾರು ರೂಪಾಯಿ. ಹಳೇ ಹೆಸರು ಕೆತ್ತಿದ ನಾಲ್ಕೂ ಗುಜರಿಗೆ ಹೋದವು. ಉಳಿದ ಪೌಚುಗಳಲ್ಲಿ ಈಗಲೂ ನಮ್ಮ ಮನೆಗೆ ಅವಲಕ್ಕಿ ಬರುತ್ತದೆ, ಮೇಲೆ 'ಉತ್ತರ ಕರ್ನಾಟಕ ಸ್ಪೆಷಲ್ ಶೇಂಗಾ ಚಟ್ನಿಪುಡಿ' ಅಂತ ಬರೆದುಕೊಂಡು.